ಇಲ್ಲದ ಮೆಟ್ಟಿಲು

ದಿನಕ್ಕೆ ಮೂರು ಸಲ ನನ್ನ ಕೈ ತೊಳೆಸ್ತಿದ್ದರು. ಬೆಳಗ್ಗೆ ಕ್ಲಾಸಿಗೆ ಬಂದ ತಕ್ಷಣ ಒಂದು ಸಲ. ಊಟ ಆದ ಮೇಲೆ ಒಂದು ಸಲ. ಟ್ರೇಸಿಂಗ್ ಶೀಟ್ ಮುಟ್ಟೋಕೆ ಮುಂಚೆ ಇನ್ನೊಂದು ಸಲ. ಶೀಟಿಗೆ ಕೊಳೆ ಹತ್ತಬಾರದು, ಎಲ್ಲರೂ ಕೈ ತೊಳೀಬೇಕು ಅನ್ನೋದು ಡ್ರಾಯಿಂಗ್ ಹಾಲಿನ ನಿಯಮ. ನ್ಯಾಯವಾದದ್ದೇ. ಆದರೆ ಇಪ್ಪತ್ತಾರು ಜನರ ಕ್ಲಾಸಿನಲ್ಲಿ ಹೆಸರು ಹಿಡಿದು ಕೂಗಿಸಿಕೊಂಡು, ಎಲ್ಲರ ಮುಂದೆ ಎದ್ದು ಹೋಗಿ ತೊಳೀಬೇಕಾಗಿದ್ದವಳು ನಾನೊಬ್ಬಳೇ.

"ಸೋಪು ಹಾಕಿ ತೊಳಿ. ಉಗುರಿನ ಸಂದೀನೂ," ಅಂತಿದ್ದರು ಮೇಷ್ಟ್ರು.

ನನ್ನ ಉಗುರಿನ ಸಂದೀಲಿ ಏನೂ ಇರ್ತಿರಲಿಲ್ಲ. ಇದ್ದದ್ದು ಅಪ್ಪನ ಉಗುರಲ್ಲಿ. ಅಪ್ಪ ನಗರಸಭೆಯ ಗಟಾರದ ಕೆಲಸದವನು. ಇಪ್ಪತ್ತೆರಡು ವರ್ಷದಿಂದ ಮ್ಯಾನ್‌ಹೋಲಿಗೆ ಇಳಿದು, ಬೇರೆಯವರ ಮನೆಯ ಹೇಲನ್ನ ಬಕೆಟ್ಟಿಗೆ ತುಂಬಿ ಮೇಲಕ್ಕೆ ಕಳಿಸ್ತಾನೆ. ಅವನ ಅಪ್ಪನೂ ಅದೇ ಮಾಡಿದ್ದ. ಅವನ ತಮ್ಮ, ಅಂದರೆ ನನ್ನ ಚಿಕ್ಕಪ್ಪ, ಅದನ್ನ ಮಾಡ್ತಾ ಮಾಡ್ತಾ ಅದರೊಳಗೇ ಸತ್ತ. ಇದನ್ನೆಲ್ಲ ನಾನು ಕಾಲೇಜಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಅಂತ ಒಂದು ಸಾಲು ಇರುತ್ತಲ್ಲ, ಅದು ಹೇಳಿತು. ಮಾರನೇ ದಿನದಿಂದ ನನ್ನ ಸ್ಟೂಲು ಹಾಲಿನ ಕಟ್ಟಕಡೆಗೆ, ಕೈ ತೊಳಿಯೋ ಸಿಂಕಿನ ಪಕ್ಕಕ್ಕೆ ಹೋಯ್ತು. ಹೆಸರೂ ಬದಲಾಯ್ತು. "ಗಟಾರ ಬಂತು, ಕಿಟಕಿ ತೆಗೀರೋ," ಅಂತಿದ್ದರು ಹುಡುಗರು. ಕೇಳಿಸ್ಕೊಂಡು ಸಾಯ್ತಿದ್ದೆ. ಎದುರಾಡ್ತಿರಲಿಲ್ಲ. ಎದುರಾಡಿದ್ದರೆ ಎರಡನೇ ವಾರಕ್ಕೇ ಮನೆ ಸೇರ್ತಿದ್ದೆ.

ಯಾಕೆ ಸಹಿಸಿಕೊಂಡೆ ಅಂದರೆ ನನಗೆ ಕುರ್ಚಿ ಬೇಕಿತ್ತು. ಅಷ್ಟೇ. ಎರಡು ವರ್ಷ ಡ್ರಾಫ್ಟಿಂಗ್ ಕಲಿತರೆ ಯಾವುದಾದರೂ ಇಂಜಿನಿಯರ್ ಆಫೀಸಿನಲ್ಲಿ ಮೇಜು, ಲೈಟು, ಕುರ್ಚಿ. ನೆಲದಿಂದ ಮೇಲೆ ಕೂತು ಮಾಡೋ ಕೆಲಸ. ನಮ್ಮ ವಂಶದಲ್ಲಿ ಯಾರೂ ಕೂತು ಕೆಲಸ ಮಾಡಿದವರಲ್ಲ. ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸ್ತಾಳೆ, ಅದೂ ಬಗ್ಗಿಕೊಂಡೇ. "ನೀನು ಕುರ್ಚಿ ಮೇಲೆ ಕೂತ ದಿನ ನಾನು ಗುಂಡಿ ಬಿಟ್ಟು ಮೇಲೆ ಬರ್ತೀನಿ," ಅಂತಿದ್ದ ಅಪ್ಪ. ಹೆಗಲ ಮೇಲೆ ಮೂಟೆ ಹೊರಿಸಿದ ಹಾಗೆ ಆಗ್ತಿತ್ತು ನನಗೆ. ಆದರೂ ಕೇಳೋಕೆ ಚೆನ್ನಾಗಿತ್ತು.

ಕೆಲಸ ಸುಲಭದ್ದೇನಲ್ಲ. ಬೋರ್ಡಿನ ಮುಂದೆ ಏಳು ಗಂಟೆ ಕತ್ತು ಬಗ್ಗಿಸಿ ಕೂರಬೇಕು. ಗೆರೆ ಶುರುವಾದಾಗ ಅರ್ಧ ಮಿಲಿಮೀಟರ್ ದಪ್ಪ ಇದ್ದರೆ ಮುಗಿದಾಗಲೂ ಅಷ್ಟೇ ಇರಬೇಕು. ಉಸಿರು ಬಿಗಿ ಹಿಡಿದು ಎಳೀಬೇಕು. ತಪ್ಪಾದರೆ ಬ್ಲೇಡಿನಿಂದ ಶಾಯಿ ಕೆರೀಬೇಕು, ಶೀಟು ಹರೀಬಾರದು. ಮೇಷ್ಟ್ರು ಭೂತಗನ್ನಡಿ ಇಟ್ಟು ನೋಡ್ತಿದ್ದರು. "ಪಾಯಿಂಟ್ ಫೈವ್ ಗೆರೆ ಅಂದರೆ ಪಾಯಿಂಟ್ ಫೈವ್," ಅಂತ ದಿನಕ್ಕೆ ಹತ್ತು ಸಲ ಹೇಳ್ತಿದ್ದರು, ಅದಕ್ಕೇ ಅವರಿಗೆ ಪಾಯಿಂಟ್ ಫೈವ್ ಅಂತಲೇ ಅಡ್ಡಹೆಸರು. ನನ್ನ ಗೆರೆಯಲ್ಲಿ ಅವರಿಗೆ ತಪ್ಪು ಸಿಗ್ತಿರಲಿಲ್ಲ. ಅದೇ ಅವರ ಸಂಕಟ. ನನ್ನ ಅಕ್ಷರವಂತೂ ಅಚ್ಚಿಗೆ ಹಾಕಿದ ಹಾಗೆ. ಕಾಲೇಜಿನ ಪ್ರದರ್ಶನಕ್ಕೆ ನನ್ನ ಸೇತುವೆಯ ನಕ್ಷೆ ಹೋಯ್ತು. ಅದರ ಮೂಲೆಯ ಚೌಕದಲ್ಲಿ 'ಬರೆದವರು' ಅನ್ನೋ ಕಡೆ ಮುಂದಿನ ಬೆಂಚಿನ ಹುಡುಗನ ಹೆಸರಿತ್ತು.

"ಬಹುಮಾನ ಕೊಡೋರು ಕೈ ಕುಲುಕ್ತಾರೆ, ಫೋಟೋ ತೆಗೀತಾರೆ. ಸುಮ್ಮನೆ ನಿನಗೇ ಮುಜುಗರ," ಅಂದರು ಪಾಯಿಂಟ್ ಫೈವ್. ನನ್ನ ಮುಜುಗರದ ಮೇಲೆ ಅವರಿಗೆ ಎಷ್ಟು ಕಾಳಜಿ ನೋಡಿ!

ಕಡೇ ವರ್ಷ ಎಲ್ಲರಿಗೂ ಒಂದೊಂದು ಪ್ರಾಜೆಕ್ಟು. ಅದರಲ್ಲಿ ಪಾಸಾಗದಿದ್ದರೆ ಸರ್ಟಿಫಿಕೇಟ್ ಇಲ್ಲ. ಪಾಯಿಂಟ್ ಫೈವ್‌ಗೆ ಹೊರಗಿನ ಕೆಲಸ ಬರ್ತಿತ್ತು. ಅದನ್ನೇ ನಮಗೆ ಪ್ರಾಜೆಕ್ಟು ಅಂತ ಹಂಚಿ ಪುಕ್ಕಟೆ ಬರೆಸ್ತಿದ್ದರು. ಆ ವರ್ಷ ಬಂದದ್ದು ಗಟಾರದ ಕೆಲಸ. ನಮ್ಮ ಭಾಗದ ಹದಿನೇಳು ಮ್ಯಾನ್‌ಹೋಲುಗಳನ್ನ ಒಬ್ಬ ಕಂಟ್ರಾಕ್ಟರು ಹೊಸದಾಗಿ ಕಟ್ಟಿ ಮುಗಿಸಿದ್ದ. ಅವನ್ನ ನಗರಸಭೆಗೆ ಒಪ್ಪಿಸೋಕೆ ನಕ್ಷೆ ಬೇಕು. ಮೊದಲು ಹೀಗೆ ಕಟ್ತೀವಿ ಅಂತ ಬರೆಯೋ ನಕ್ಷೆ ಅಲ್ಲ. ಕಟ್ಟಿದ ಮೇಲೆ, ನೆಲದಲ್ಲಿ ಏನಿದೆಯೋ ಅದನ್ನ ಇದ್ದ ಹಾಗೆ ತೋರಿಸೋ ನಕ್ಷೆ. ಅದರ ತಲೆಯ ಮೇಲೆ 'ಕಟ್ಟಿದಂತೆ' ಅಂತ ಬರೀತೀವಿ.

"ಇದು ನಿನಗೇ ಸರಿ," ಅಂದರು ಪಾಯಿಂಟ್ ಫೈವ್. "ಮನೆ ಕಸುಬು."

ಇಪ್ಪತ್ತೈದು ಜನ ಹೊಟ್ಟೆ ಹಿಡ್ಕೊಂಡು ನಕ್ಕರು. ನಾನೂ ಹಲ್ಲು ಕಿರಿದೆ. ಈಗ ನೆನೆಸಿಕೊಂಡರೆ ನನ್ನ ಕೆನ್ನೆಗೆ ನಾನೇ ಬಾರಿಸ್ಕೋಬೇಕು ಅನ್ನಿಸುತ್ತೆ. ಆದರೆ ನಗು ನಿಂತ ಮೇಲೆ ಅವರು ಇನ್ನೊಂದು ಮಾತು ಹೇಳಿದರು: ಚೆನ್ನಾಗಿ ಬರೆದರೆ ಕಂಟ್ರಾಕ್ಟರ್ ಆಫೀಸಿನಲ್ಲೇ ಕೆಲಸ. ನನ್ನ ಕಣ್ಣ ಮುಂದೆ ಕುರ್ಚಿ ಬಂದು ನಿಂತಿತು.

ಕಂಟ್ರಾಕ್ಟರ್ ಕಡೆಯ ಸೂಪರ್‌ವೈಸರ್ ಕಟ್ಟೋಕೆ ಮುಂಚೆ ಬರೆದಿದ್ದ ಹಳೇ ಶೀಟುಗಳನ್ನ ತಂದುಕೊಟ್ಟ. ಅವನ್ನೇ ನೋಡಿ ಬರೀಬೇಕು. ಬರೆದೆ. ಆರು ವಾರ. ಹದಿನೇಳು ಚೇಂಬರು, ಅಂದರೆ ಗುಂಡಿ, ಒಂದೊಂದಕ್ಕೂ ಮೇಲಿನಿಂದ ಕಾಣೋದು ಒಂದು, ಸೀಳಿ ಒಳಗೆ ತೋರಿಸೋದು ಒಂದು. ಬಾಯಿ ಆರುನೂರು ಮಿಲಿಮೀಟರ್. ಒಳಗೆ ಸಾವಿರದ ಇನ್ನೂರು. ಗೋಡೆಗೆ ಕಬ್ಬಿಣದ ಮೆಟ್ಟಿಲು, ಮುನ್ನೂರು ಮಿಲಿಮೀಟರಿಗೊಂದು. ಆ ಮೆಟ್ಟಿಲುಗಳನ್ನ ನಾನು ಎಷ್ಟು ಚೆಂದ ಬರೆದೆ ಅಂದರೆ ಪಾಯಿಂಟ್ ಫೈವ್ ಭೂತಗನ್ನಡಿ ಪಕ್ಕಕ್ಕಿಟ್ಟು "ಹೂಂ" ಅಂದರು. ಎರಡು ವರ್ಷದಲ್ಲಿ ಮೊದಲ ಹೂಂ. ಕಾಲು ನೆಲದ ಮೇಲೆ ನಿಲ್ಲಲಿಲ್ಲ ನನಗೆ. ಏಳನೇ ಚೇಂಬರಿನ ಪ್ರಿಂಟು ಒಂದನ್ನ ಸುತ್ತಿಕೊಂಡು ಸಂಜೆ ಮನೆಗೆ ಓಡಿದೆ.

ಅಪ್ಪ ಆಗಷ್ಟೇ ಸ್ನಾನ ಮುಗಿಸಿದ್ದ. ಎರಡು ಬಕೆಟ್ ನೀರು, ಮೂರು ಸುತ್ತು ಸೋಪು, ಆಮೇಲೂ ಅಮ್ಮ ಮೂಸಿ ನೋಡಿ ಒಳಗೆ ಬಿಡ್ತಾಳೆ. ಪ್ರಿಂಟನ್ನ ನೆಲದ ಮೇಲೆ ಹಾಸಿದೆ. ಅವನಿಗೆ ಓದೋಕೆ ಬರಲ್ಲ. ನಾನು ಬೆರಳಿಟ್ಟು ತೋರಿಸಿದೆ. ಇದು ರಸ್ತೆ, ಇದು ಮುಚ್ಚಳ, ಇದು ಒಳಗೆ.

"ಯಾವ ಊರಿಂದು ಪುಟ್ಟಿ ಇದು?"

"ನಮ್ಮದೇ ಅಪ್ಪಾ. ದೊಡ್ಡ ಗೇಟಿನ ಮನೆಗಳ ಬೀದಿ, ತಿರುವಿನಲ್ಲಿ ಇರೋದು."

ಅಪ್ಪ ಇನ್ನೊಂದು ಸಲ ನೋಡಿದ. ಆಮೇಲೆ ನಗೋಕೆ ಶುರು ಮಾಡಿದ. ಕೆಮ್ಮು ಬರೋ ತನಕ ನಕ್ಕ. "ಏ ಬಾರೇ ಇಲ್ಲಿ," ಅಂತ ಅಮ್ಮನನ್ನ ಕರೆದ. "ನಿನ್ನ ಮಗಳು ನನಗೆ ಅರಮನೆ ಕಟ್ಟಿದ್ದಾಳೆ ನೋಡು. ಮೆಟ್ಟಿಲು ಬೇರೆ ಇದೆ! ಮೊನ್ನೆ ತಾನೇ ಇಳಿದು ಬಂದೆನಲ್ಲೇ, ನನ್ನ ಕಣ್ಣಿಗೆ ಒಂದೂ ಬೀಳಲಿಲ್ಲ."

"ಇಲ್ವಾ?"

"ಎಲ್ಲಿಂದ ಬರ್ಬೇಕು? ಹಳೇ ಗುಂಡಿಗೆ ಮೇಲಿಂದ ಸಿಮೆಂಟು ಬಳಿದು ಹೊಸ ಮುಚ್ಚಳ ಹಾಕಿದ್ದಾರೆ. ಹದಿನೇಳಕ್ಕೂ ಅಷ್ಟೇ. ಬಾಯೊಳಗೆ ಎರಡು ಭುಜ ಒಟ್ಟಿಗೆ ಹೋಗಲ್ಲ. ಒಂದು ಕೈ ಮೇಲೆತ್ತಿ, ಒಂದು ಭುಜ ಮೊದಲು ಇಳಿಸ್ಬೇಕು. ಆಮೇಲೆ ಬೆನ್ನು ಒಂದು ಗೋಡೆಗೆ, ಮೊಣಕಾಲು ಎದುರು ಗೋಡೆಗೆ ಒತ್ಕೊಂಡು ಜಾರೋದು. ತಳದಲ್ಲಿ ಬಗ್ಗೋಕಾಗಲ್ಲ. ಕಾಲಲ್ಲೇ ಬಕೆಟ್ಟು ಎತ್ಕೋಬೇಕು."

ಅವನು ನಗ್ತಾನೇ ಹೇಳಿದ. ಎದ್ದು ನಿಂತು ಮಾಡಿಯೂ ತೋರಿಸಿದ, ಒಂದು ಕೈ ಮೇಲೆ, ಮೈ ಅಡ್ಡಡ್ಡ. ನನಗೆ ನಗು ಬರಲಿಲ್ಲ. ಯಾಕೆ ಅಂತ ಹೇಳ್ತೀನಿ.

ಚಿಕ್ಕಪ್ಪ ಸತ್ತಾಗ ಇಡೀ ಕೇರಿ ಹೆಣ ಎತ್ತದೆ ನಗರಸಭೆ ಮುಂದೆ ಎರಡು ದಿನ ಕೂತಿತ್ತು. ಆಗ ಒಂದು ನಿಯಮ ಬಂತು. ಮೆಟ್ಟಿಲಿಲ್ಲದ, ಬಾಯಿ ಕಿರಿದಾದ ಗುಂಡಿಗೆ ಆಳು ಇಳಿಸೋ ಹಾಗಿಲ್ಲ, ಮಷೀನ್ ತರಿಸ್ಬೇಕು. ಮೆಟ್ಟಿಲಿದ್ದರೆ ಆಳು ಇಳೀಬಹುದು. ಇದೆಯೋ ಇಲ್ಲವೋ ಅಂತ ಯಾರು ಬಗ್ಗಿ ನೋಡ್ತಾರೆ? ನಕ್ಷೆ ನೋಡ್ತಾರೆ. ಕಟ್ಟಿದ ಮೇಲೆ ಐದು ವರ್ಷ ಆ ಗುಂಡಿಗಳೂ ಅಪ್ಪನಂಥ ಆಳುಗಳೂ ಕಂಟ್ರಾಕ್ಟರ್ ಕೈಕೆಳಗೆ, ಮಷೀನ್ ತರಿಸೋ ಖರ್ಚೂ ಅವನದೇ. ಅವನು ಮೆಟ್ಟಿಲು ಹಾಕಲಿಲ್ಲ, ಬಾಯಿ ಅಗಲ ಮಾಡಲಿಲ್ಲ. ಶೀಟಿನ ಮೇಲೆ ಹಾಕಿಸಿದ. ಹಾಕಿದವಳು ನಾನು. ಆರು ವಾರ ಉಸಿರು ಬಿಗಿ ಹಿಡಿದು, ಅಪ್ಪನನ್ನ ಗುಂಡಿಗೆ ಇಳಿಸೋ ಮೆಟ್ಟಿಲನ್ನ ನಾನೇ ಬರೆದಿದ್ದೆ.

ಮಾರನೇ ದಿನ ಪಾಯಿಂಟ್ ಫೈವ್ ಹತ್ತಿರ ಹೋದೆ. ಶೀಟು ತಪ್ಪಾಗಿದೆ ಸಾರ್ ಅಂದೆ. ಅವರು ಗಾಬರಿಯಾಗಿ ಭೂತಗನ್ನಡಿ ತಗೊಂಡರು.

"ಎಲ್ಲಿ? ಯಾವ ಗೆರೆ?"

"ಗೆರೆ ಅಲ್ಲ ಸಾರ್. ಅಲ್ಲಿ ಮೆಟ್ಟಿಲೇ ಇಲ್ಲ."

ಭೂತಗನ್ನಡಿ ಕೆಳಗಿಟ್ಟರು. "ಯಾರು ಹೇಳಿದ್ದು?"

"ನಮ್ಮಪ್ಪ. ಅವರು ಒಳಗೆ ಇಳೀತಾರೆ."

"ನಿಮ್ಮಪ್ಪ ಹೇಳಿದ ಕಥೆ ಬರೆಯೋಕೆ ಇದು ಕಥೆ ಪುಸ್ತಕ ಅಲ್ಲ. ಕೊಟ್ಟ ಶೀಟಲ್ಲಿ ಏನಿದೆಯೋ ಅದನ್ನ ಬರಿ. ಗೆರೆ ಎಳೆಯೋದು ನಿನ್ನ ಕೆಲಸ. ಗುಂಡಿ ಇಣುಕೋದಲ್ಲ."

"ತಲೆ ಮೇಲೆ 'ಕಟ್ಟಿದಂತೆ' ಅಂತ ಇದೆಯಲ್ಲ ಸಾರ್."

ಅವರು ಶೀಟನ್ನ ಸುತ್ತಿಟ್ಟರು. ಆಮೇಲೆ ದನಿ ಬೆಣ್ಣೆಯಾಯ್ತು. "ನೋಡು, ಮುಂದಿನ ಸೋಮವಾರ ನಗರಸಭೆ ಇಂಜಿನಿಯರ್ ಬರ್ತಾರೆ. ಅವರ ಮುಂದೆ ಈ ಶೀಟುಗಳಿಗೆ ನೀನೇ ಸೈನ್ ಹಾಕು. 'ಬರೆದವರು' ಅನ್ನೋ ಕಡೆ ನಿನ್ನ ಹೆಸರು. ಖುಷಿ ತಾನೇ?"

ಎರಡು ವರ್ಷ ನನ್ನ ಒಂದೇ ಒಂದು ಶೀಟಿನ ಮೇಲೆ ನನ್ನ ಹೆಸರು ನಿಲ್ಲೋಕೆ ಬಿಡಲಿಲ್ಲ ಈ ಮನುಷ್ಯ. ಈಗ ಬಿಡ್ತಾನಂತೆ. ನಾಳೆ ಗುಂಡಿಯಲ್ಲಿ ಯಾರಾದರೂ ಸತ್ತರೆ, ನಕ್ಷೆ ಬರೆದವರು ಯಾರು ಅಂತ ಕೇಳಿದರೆ, ತೋರಿಸೋಕೆ ಒಂದು ಹೆಸರು ಬೇಕಲ್ಲ.

"ಹಾಕದಿದ್ದರೆ?"

"ಸೊನ್ನೆ," ಅಂದರು. "ಹೋಗು, ಕೈ ತೊಳ್ಕೊಂಡು ಕೆಲಸ ನೋಡು."

ಮನೆಯಲ್ಲಿ ಹೇಳಿದೆ. ಅಪ್ಪ ಸಿಟ್ಟಾಗ್ತಾನೆ ಅಂದುಕೊಂಡಿದ್ದೆ. ಅವನು ಬೀಡಿ ಹಚ್ಚಿದ.

"ಹಾಕ್ಬಿಡು ಪುಟ್ಟಿ. ಮೆಟ್ಟಿಲಿದ್ದರೂ ಇಳೀತೀನಿ, ಇಲ್ಲದಿದ್ದರೂ ಇಳೀತೀನಿ. ಇಪ್ಪತ್ತೆರಡು ವರ್ಷ ಯಾವ ಮೆಟ್ಟಿಲಿತ್ತು?"

"ಚಿಕ್ಕಪ್ಪನೂ ಹಾಗೇ ಅಂತಿದ್ದ."

ಅಪ್ಪ ತಲೆ ತಗ್ಗಿಸಿದ. ಅಮ್ಮ ಮಾತ್ರ ತಗ್ಗಿಸಲಿಲ್ಲ. ಒರೆಸೋ ಬಟ್ಟೆ ಹಿಂಡಿ ಹಿಂಡಿ ಅವಳ ಬೆರಳು ಸೊಟ್ಟಗಾಗಿವೆ. ಆ ಬೆರಳಿಂದ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಕೇಳಿಲ್ಲಿ. ನೀನು ಸೈನ್ ಹಾಕದಿದ್ದರೆ ಇವರು ಮೇಲೆ ಬಂದುಬಿಡ್ತಾರಾ? ಇಲ್ಲ. ಇವರೂ ಕೆಳಗೆ, ನೀನೂ ಕೆಳಗೆ. ಇವರು ಇಳಿಯೋದು ತಪ್ಪಲ್ಲ ಕಣೇ. ನೀನು ಇಳಿಯೋದಾದರೂ ತಪ್ಪಲಿ ಅಂತ ನಾವು ಮೂಳೆ ಮುರ್ಕೊಂಡಿದ್ದು."

ಸೈನ್ ಹಾಕಿದರೆ ಅಪ್ಪನ ತಲೆ ಮೇಲೆ ಹತ್ತಿ ಕುರ್ಚಿ ಏರಿದ ಹಾಗೆ. ಹಾಕದಿದ್ದರೆ ಅವನು ಇಪ್ಪತ್ತೆರಡು ವರ್ಷ ಇಳಿದದ್ದೆಲ್ಲ ನೀರಿನಲ್ಲಿ ಹೋಮ. ಎತ್ತ ತಿರುಗಿದರೂ ಗೋಡೆ. ಕಾಲೇಜಿಗೆ ಹೋಗ್ತಿದ್ದೆ, ಸ್ಟೂಲ್ ಮೇಲೆ ಕೂರ್ತಿದ್ದೆ, ಪೆನ್ನು ಮಾತ್ರ ಮುಟ್ತಿರಲಿಲ್ಲ. ಹಾಲಿನಲ್ಲಿ ಹತ್ತು ಕಿಟಕಿ ಇದ್ದವು. ನನಗೆ ಗಾಳಿ ಸಾಲ್ತಿರಲಿಲ್ಲ.

ಶನಿವಾರ ಸಂಜೆ ಅಪ್ಪನನ್ನ ಗೋಡೆಗೆ ನಿಲ್ಲಿಸಿದೆ.

"ಏನೇ ಇದು? ಶರ್ಟು ಹೊಲಿಸ್ತೀಯಾ?"

"ಸುಮ್ನೆ ನಿಂತ್ಕೋ ಅಪ್ಪಾ."

ಗುಂಡಿಯ ಒಳಗೆ ಅಳತೆ ಟೇಪು ಬಿಟ್ಟು ಅಳೆಯೋಕೆ ನನ್ನನ್ನ ಯಾರೂ ಬಿಡಲ್ಲ. ಬೇಕಾಗಿಯೂ ಇಲ್ಲ. ಅಪ್ಪನ ಮೈಯಲ್ಲೇ ಹದಿನೇಳು ಗುಂಡಿಗಳ ಅಳತೆ ಇದೆ. ಅವನು ಹೇಳ್ತಾ ಹೋದ, ನಾನು ಸ್ಕೇಲಿಟ್ಟು ಬರೀತಾ ಹೋದೆ. ಏಳನೇದು ಎರಡು ಆಳು ಆಳ, ಮೇಲೆ ಒಂದು ಮೊಳ. ಬಾಯಿ ಅವನ ಭುಜಕ್ಕಿಂತ ನಾಕು ಬೆರಳು ಕಡಿಮೆ. ಒಳಗೆ ಬೆನ್ನಿಂದ ಮೊಣಕಾಲಿಗೆ ಎಷ್ಟೋ ಅಷ್ಟು. ಕೊಳವೆ ಬಂದು ಸೇರೋದು ಎದೆಯ ಗುಂಡಿಗೆಗೆ ಸರಿಯಾಗಿ. ಅವನ ಭುಜ ಅಳೀವಾಗ ಚರ್ಮದ ಮೇಲೆ ಎರಡೂ ಕಡೆ ತರಚಿ ತರಚಿ ಗಟ್ಟಿಯಾದ ಕಪ್ಪು ಗಂಟು ಕೈಗೆ ಸಿಕ್ಕಿತು. ನಾನು ಅತ್ತೆ. ಅಪ್ಪ, "ಅಳ್ಬೇಡ, ಅಳತೆ ತಪ್ಪುತ್ತೆ," ಅಂದ.

ಭಾನುವಾರ ಪೂರ್ತಿ ಕೂತು ಏಳನೇ ಗುಂಡಿಯನ್ನ ಹೊಸ ಶೀಟಿನ ಮೇಲೆ ಬರೆದೆ. ಬಾಯಿ ಇದ್ದಷ್ಟೇ. ಮೆಟ್ಟಿಲಿಲ್ಲ. ನಕ್ಷೆ ನೋಡೋರಿಗೆ ಗಾತ್ರ ಗೊತ್ತಾಗಲಿ ಅಂತ ಒಂದು ಮನುಷ್ಯನ ಆಕಾರ ಹಾಕೋದು ನಮ್ಮ ಕೆಲಸದ ಪದ್ಧತಿ. ಸೇತುವೆಯ ಪಕ್ಕ ಹಾಕ್ತೀವಿ, ಬಾಗಿಲ ಪಕ್ಕ ಹಾಕ್ತೀವಿ. ಟೋಪಿ ಹಾಕ್ಕೊಂಡು, ಕೈ ಬೀಸ್ಕೊಂಡು ಹೋಗೋ ಮನುಷ್ಯ. ನಾನು ಗುಂಡಿಯೊಳಗೆ ಹಾಕಿದೆ. ಒಂದು ಕೈ ಮೇಲೆ, ಬೆನ್ನು ಈ ಗೋಡೆಗೆ, ಮೊಣಕಾಲು ಆ ಗೋಡೆಗೆ. ಮೂಲೆಯ ಚೌಕದಲ್ಲಿ 'ಬರೆದವರು' ಅನ್ನೋ ಕಡೆ ನನ್ನ ಹೆಸರು ಬರೆದೆ. 'ಅಳತೆ ತೆಗೆದವರು' ಅನ್ನೋ ಕಡೆ ಅಪ್ಪನ ಹೆಸರು. ಅವನ ಹೆಸರನ್ನ ಅಷ್ಟು ದೊಡ್ಡದಾಗಿ ಬರೆದದ್ದು ಅದೇ ಮೊದಲು.

ಸೋಮವಾರ ಇಂಜಿನಿಯರ್ ಮೇಡಂ ಬಂದರು. ಜೊತೆಗೆ ಸೂಪರ್‌ವೈಸರ್. ಮುಂದಿನ ಮೇಜಿನ ಮೇಲೆ ಹದಿನೇಳು ಶೀಟುಗಳ ಕಟ್ಟು. ಪಾಯಿಂಟ್ ಫೈವ್ ನನ್ನನ್ನ ಕರೆದರು. ಅವತ್ತು ಕೈ ತೊಳಿ ಅನ್ನೋದನ್ನೂ ಮರೆತಿದ್ದರು.

ಮೇಡಂ ನನ್ನ ಬೆನ್ನು ತಟ್ಟಿದರು. "ಇಷ್ಟು ಚೆನ್ನಾಗಿ ಬರೆದಿದ್ದು ನೀನೇನಾ? ನಿನ್ನಂಥ ಹೆಣ್ಣುಮಕ್ಕಳು ಮುಂದೆ ಬರ್ಬೇಕಮ್ಮಾ."

ನಾನು ಕಟ್ಟಿನ ಮೇಲೆ ನನ್ನ ಶೀಟು ಹಾಸಿದೆ.

ಮೇಡಂ ಬಗ್ಗಿ ನೋಡಿದರು. "ಇದೇನು? ಒಳಗೆ ಇದ್ಯಾರು?"

"ನಮ್ಮಪ್ಪ ಮೇಡಂ."

ಹಿಂದೆ ಯಾರೋ ಕಿಸಕ್ಕಂದರು. ಪಾಯಿಂಟ್ ಫೈವ್ ಮುಖದಲ್ಲಿ ರಕ್ತ ಇರಲಿಲ್ಲ.

"ನೀವು ನೋಡ್ತಿರೋ ಹದಿನೇಳೂ ಸುಳ್ಳು ಮೇಡಂ. ಬರೆದವಳು ನಾನೇ, ನಾನೇ ಹೇಳ್ತಿದ್ದೀನಿ. ಅಲ್ಲಿ ಒಂದೂ ಮೆಟ್ಟಿಲಿಲ್ಲ. ಇಲ್ಲಿಂದ ಹತ್ತು ನಿಮಿಷದ ದಾರಿ. ಬನ್ನಿ, ಮುಚ್ಚಳ ತೆಗೆಸಿ ತೋರಿಸ್ತೀನಿ."

ಮೇಡಂ ಸೂಪರ್‌ವೈಸರ್ ಮುಖ ನೋಡಿದರು. ಅವನು ಗಡಿಯಾರ ನೋಡಿಕೊಂಡ. ಮೇಡಂ ಮತ್ತೆ ನನ್ನ ಶೀಟಿಗೆ ಬಂದರು. ದನಿ ಮೊದಲಿನಷ್ಟೇ ಸಿಹಿ.

"ಅಳತೆ ತೆಗೆದವರು ಅಂತ ಬರೆದಿದ್ದೀಯಲ್ಲ, ಅವರು ಸರ್ವೇಯರ್ರಾ?"

"ಅಲ್ಲ."

"ಲೈಸೆನ್ಸ್ ಇದೆಯಾ?"

"ಇಪ್ಪತ್ತೆರಡು ವರ್ಷದಿಂದ ಅದರೊಳಗೆ ಇಳೀತಿದ್ದಾರೆ ಮೇಡಂ."

"ಅದು ಲೈಸೆನ್ಸ್ ಅಲ್ಲಮ್ಮ. ನಿನಗಾದರೂ ಸರ್ಟಿಫಿಕೇಟ್ ಬಂದಿದೆಯಾ? ಇನ್ನೂ ಇಲ್ಲ ತಾನೇ? ಹಾಗಾದರೆ ನೀನು ಬರೆದದ್ದನ್ನ ನಾನು ಹೇಗೆ ಒಪ್ಪಲಿ?"

ಸುಳ್ಳು ಬರೆದಾಗ ನನ್ನ ಕೈ ಸಾಕಿತ್ತು. ನಿಜ ಬರೆದಾಗ ಸರ್ಟಿಫಿಕೇಟ್ ಬೇಕು. ಪಾಯಿಂಟ್ ಫೈವ್ ಮುಂದಿನ ಬೆಂಚಿನ ಹುಡುಗನನ್ನ ಕರೆದು ಪೆನ್ನು ಕೊಟ್ಟರು. ಅವನು ನನ್ನ ಕಡೆ ನೋಡದೆ ಹದಿನೇಳು ಶೀಟಿಗೂ 'ಬರೆದವರು' ಅನ್ನೋ ಕಡೆ ಸೈನ್ ಹಾಕಿದ. ಮೇಡಂ ಪಕ್ಕದಲ್ಲಿ 'ಒಪ್ಪಿದೆ' ಅಂತ ಹಾಕಿದರು. ಹೋಗುವಾಗ ಇನ್ನೊಂದು ಸಲ ಬೆನ್ನು ತಟ್ಟಿದರು. ನನ್ನ ಶೀಟನ್ನ ಪಾಯಿಂಟ್ ಫೈವ್ ನಾಕು ತುಂಡು ಮಾಡಿ ಬುಟ್ಟಿಗೆ ಹಾಕಿ, ಮಾರ್ಕ್ಸ್ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ ಬರೆದರು. ಎಲ್ಲರಿಗೂ ಕಾಣೋ ಹಾಗೆ ದೊಡ್ಡದಾಗಿ ಬರೆದರು.

ಎರಡು ದಿನ ಬಿಟ್ಟು ಅಪ್ಪ ಕಾಲೇಜಿಗೆ ಬಂದ. ನಾನು ಬೇಡ ಅಂದಿದ್ದೆ, ಕೇಳಲಿಲ್ಲ. ಒಗೆದ ಶರ್ಟು ಹಾಕಿ, ತಲೆ ಬಾಚಿ, ಹಾಲಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಂತ. ಬೇರೆ ಯಾರೂ ಅಲ್ಲಿ ಚಪ್ಪಲಿ ಬಿಡ್ತಿರಲಿಲ್ಲ.

"ಮಗು ತಪ್ಪು ಮಾಡಿದೆ ಸಾಮಿ. ಹೊಟ್ಟೆಗೆ ಹಾಕ್ಕೊಳ್ಳಿ."

ಪಾಯಿಂಟ್ ಫೈವ್ ಕತ್ತೆತ್ತಿ ನೋಡಿದರು. ಅವರಿಗೆ ಏನೋ ಹೊಳೀತು. "ಹೇಗೂ ಬಂದಿದ್ದೀಯಲ್ಲ. ಅಲ್ಲಿ ಸಿಂಕು ಕಟ್ಟಿಕೊಂಡಿದೆ, ಒಂಚೂರು ನೋಡು. ಆಮೇಲೆ ಮಾತಾಡೋಣ."

ಅಪ್ಪ ಶರ್ಟಿನ ತೋಳು ಮಡಿಚಿದ. ನನ್ನ ಸ್ಟೂಲಿನ ಪಕ್ಕದಲ್ಲೇ ಮಂಡಿ ಊರಿ, ಸಿಂಕಿನ ಕೆಳಗಿನ ಕೊಳವೆ ಬಿಚ್ಚಿ ಕೈ ಹಾಕಿದ. ಎರಡು ವರ್ಷದ ಶಾಯಿ, ಕೂದಲು, ಎಲ್ಲರ ಎಂಜಲು. ಮುದ್ದೆ ಮುದ್ದೆಯಾಗಿ ಎಳೆದ. ಕಪ್ಪು ನೀರು ಒಗೆದ ಶರ್ಟಿನ ಮೇಲೆ ಹಾರಿತು. ಇಪ್ಪತ್ತೈದು ಜನ ಗೆರೆ ಎಳೆಯೋದು ಬಿಟ್ಟು ನೋಡಿದರು. ನಾನು ಎದ್ದೆ. ಅಪ್ಪ ಕಣ್ಣಲ್ಲೇ ಕೂತ್ಕೋ ಅಂದ. ಕೂತೆ. ನನ್ನ ಬಾಳಿನಲ್ಲಿ ಅಷ್ಟು ಕೆಟ್ಟದಾಗಿ ನಾನು ಯಾವತ್ತೂ ಕೂತಿಲ್ಲ.

ಮುಗಿಸಿ, ನೆಲ ಒರೆಸಿ, ಮತ್ತೆ ಕೈ ಕಟ್ಟಿ ನಿಂತ. "ಮಗೂ ವಿಷಯ ಸಾಮಿ..."

"ಮುಂದಿನ ವರ್ಷ ನೋಡೋಣ," ಅಂದರು ಪಾಯಿಂಟ್ ಫೈವ್. "ಈಗ ಹೋಗು. ಹಾಲೆಲ್ಲ ನಾತ."

ಅಪ್ಪ ಅದೇ ಶರ್ಟಿನಲ್ಲಿ ಮನೆಗೆ ಬಂದ. ಮನೆಯಲ್ಲಿ ಸ್ನಾನವನ್ನೂ ಮಾಡಲಿಲ್ಲ. ಅಮ್ಮ ಏನಾಯ್ತು ಅಂತ ಕೇಳಿದ್ದಕ್ಕೆ, "ಸಿಂಕು ಸರಿಹೋಯ್ತು," ಅಂದ ಅಷ್ಟೇ.

ಹದಿನೈದು ದಿನ ಕಳೀತು. ನಾನು ಮನೆಯಲ್ಲಿದ್ದೆ. ಒಂದು ಬೆಳಗ್ಗೆ ಏಳನೇ ಗುಂಡಿ ಉಕ್ಕಿತು. ದೊಡ್ಡ ಗೇಟಿನ ಮನೆಗಳ ಬೀದಿ. ಸೂಪರ್‌ವೈಸರ್ ಮನೆ ಬಾಗಿಲಿಗೇ ಬಂದು ಅಪ್ಪನನ್ನೂ, ಪಕ್ಕದ ಮನೆಯ ಮಾವನನ್ನೂ ಕರ್ಕೊಂಡು ಹೋದ. ಆ ಮಾವ ಮೇಲಿನಿಂದ ಹಗ್ಗ ಎಳೆಯೋನು. ನಾನೂ ಹಿಂದೆ ಹೋದೆ. ಅಪ್ಪ ವಾಪಸ್ಸು ಹೋಗು ಅನ್ನಲಿಲ್ಲ.

ಕೊಕ್ಕೆ ಹಾಕಿ ಮುಚ್ಚಳ ಎಳೆದರು. ನಾತ ಮುಖಕ್ಕೆ ಹೊಡೀತು. ನೀರು ರಸ್ತೆ ತುಂಬ ಹರೀತಿತ್ತು. ಗೇಟುಗಳ ಒಳಗೆ ಜನ ಮೂಗಿಗೆ ಬಟ್ಟೆ ಹಿಡಿದು ನಿಂತಿದ್ದರು. ಬೇಗ ಬೇಗ ಅಂತಿದ್ದರು.

"ಮಷೀನ್ ತರಿಸಿ ಸಾರ್," ಅಂದ ಅಪ್ಪ.

ಸೂಪರ್‌ವೈಸರ್ ಬೆಚ್ಚಿದ. ಅಪ್ಪ ಬಾಯಿ ಬಿಟ್ಟು ಏನಾದರೂ ಕೇಳಿದ್ದು ಅದೇ ಮೊದಲಿರಬೇಕು. "ಯಾತಕ್ಕೆ ಮಷೀನ್? ಮೆಟ್ಟಿಲಿದೆ," ಅಂತ ಜೇಬಿನಿಂದ ಮಡಿಚಿದ ಪ್ರಿಂಟು ತೆಗೆದು ಬಿಡಿಸಿದ. ನನ್ನ ಅಕ್ಷರ. ನನ್ನ ಗೆರೆ. "ನೋಡು, ಇಂಜಿನಿಯರ್ ಒಪ್ಪಿದ್ದಾರೆ. ಇಳಿ."

"ನನಗೆ ಓದೋಕೆ ಬರಲ್ಲ ಸಾರ್," ಅಂದ ಅಪ್ಪ. "ಗುಂಡಿ ನೋಡೋಕೆ ಬರುತ್ತೆ. ನಿಮಗೆ ಆ ಕಾಗದದ ಮೇಲೆ ಅಷ್ಟು ನಂಬಿಕೆ ಇದ್ದರೆ, ಮೊದಲನೇ ಮೆಟ್ಟಿಲ ಮೇಲೆ ನೀವು ಒಂದು ಕಾಲಿಡಿ. ಎರಡನೇದರಿಂದ ನಾನು ಇಳೀತೀನಿ."

ಪಕ್ಕದ ಮನೆ ಮಾವ ಹಗ್ಗ ಕೆಳಗೆ ಬಿಟ್ಟ. ಬೇಕೂಂತಲೇ ಬಿಟ್ಟ.

ಸೂಪರ್‌ವೈಸರ್ ಬಾಯಿಗೆ ಬಂದ ಹಾಗೆ ಬೈದ. ನಮ್ಮ ಹುಟ್ಟು ಎತ್ತಿ ಆಡಿದ, ನಮ್ಮ ಕೇರಿ ಎತ್ತಿ ಆಡಿದ. ನಾಳೆಯಿಂದ ಕೆಲಸಕ್ಕೆ ಬರ್ಬೇಡ ಅಂದ. ಅಪ್ಪ ಕೇಳ್ತಾ ನಿಂತ. ಗೇಟಿನಿಂದ ಯಾರೋ ಕೂಗಿದರು, ನೀರು ಮೆಟ್ಟಿಲು ಹತ್ತಿ ವರಾಂಡಕ್ಕೆ ಬರ್ತಿದೆ ಅಂತ. ಅವರ ಮನೆಗೆ ಮೆಟ್ಟಿಲಿತ್ತು. ಸೂಪರ್‌ವೈಸರ್ ಆಚೆ ಈಚೆ ನೋಡಿದ. ಇಳಿಸೋಕೆ ಇನ್ಯಾರಾದರೂ ಸಿಕ್ತಾರಾ ಅಂತ. ಕೊನೆಗೆ ಅವನ ಕಣ್ಣು ನನ್ನ ಮೇಲೆ ನಿಂತಿತು. ಮೇಲಿಂದ ಕೆಳಗಿನ ತನಕ ನೋಡಿದ. ಭುಜ ನೋಡಿದ.

"ಇವಳನ್ನ ಇಳಿಸು," ಅಂದ ಅಪ್ಪನಿಗೆ. "ಸಣ್ಣ ಮೈ, ಸಲೀಸಾಗಿ ಹೋಗ್ತಾಳೆ. ಹೇಗೂ ಕಾಲೇಜು ಮುಗೀತಲ್ಲ. ನಿನ್ನ ಕೆಲಸ ನಿನ್ನ ಮನೆಯಲ್ಲೇ ಉಳಿಯುತ್ತೆ, ಇವಳ ಹೆಸರಿಗೆ ಬರೆಸ್ಕೊಡ್ತೀನಿ."

ಅವನು ದಯೆ ತೋರಿಸ್ತಿದ್ದ. ನಿಜವಾಗ್ಲೂ ಹಾಗೇ ಅಂದುಕೊಂಡಿದ್ದ. ಅಪ್ಪ ನನ್ನ ಕಡೆ ತಿರುಗಿದ. ಅವನ ಮುಖ ನೋಡೋಕಾಗಲಿಲ್ಲ. ಇಪ್ಪತ್ತೆರಡು ವರ್ಷ ಅವನು ಯಾವುದಕ್ಕೆ ಹೆದರಿ ಇಳಿದನೋ ಅದು ಬೀದಿಯ ನಡುವೆ ಬಾಯಿ ಬಿಟ್ಟು ನಿಂತಿತ್ತು.

ನಾನು ಗುಂಡಿಯ ಅಂಚಿಗೆ ಹೋದೆ. ಬಗ್ಗಿ ನೋಡಿದೆ. ಮೊದಲನೇ ಸಲ ನೋಡಿದ್ದು ಅವತ್ತೇ.

"ನಿಜ ಸಾರ್," ಅಂದೆ. "ಈ ಬಾಯಿಗೆ ನಾನು ಸರಿಯಾಗಿ ಹಿಡಿಸ್ತೀನಿ. ಆದರೆ ಇಳಿಯಲ್ಲ."

ಅಪ್ಪ ಕೊಕ್ಕೆ ಎತ್ಕೊಂಡ. ಮುಚ್ಚಳ ಒಬ್ಬನಿಂದ ಎಳೆಯೋಕಾಗಲ್ಲ, ಒಂದು ಕಡೆ ನಾನು ಹಿಡಿದೆ, ಇನ್ನೊಂದು ಕಡೆ ಮಾವ ಹಿಡಿದ. ಕೈಯೆಲ್ಲ ಹೇಲು. ಎಳೆದು ಮುಚ್ಚಿದೆವು. ಮುಚ್ಚಿ ಅದರ ಮೇಲೇ ಮೂವರೂ ಕೂತೆವು. ಸೂಪರ್‌ವೈಸರ್ ಪೊಲೀಸರನ್ನ ಕರೆಸ್ತೀನಿ ಅಂತ ಫೋನ್ ತೆಗೆದ. ಗೇಟುಗಳ ಹಿಂದೆ ಕೂಗಾಟ ಜೋರಾಯ್ತು. ನಮ್ಮ ಕೆಳಗಿನಿಂದ, ಮುಚ್ಚಳದ ಸುತ್ತ ನೀರು ಉಕ್ಕಿ ಉಕ್ಕಿ ಅವರ ಮನೆಗಳ ಕಡೆ ಹರೀತಿತ್ತು. ಅವರದೇ ನೀರು. ನಾವು ಎದ್ದೇಳಲಿಲ್ಲ.